ಸುತ್ತಿಗೆಗೆ ಸಿಗದ ವಿಷ

ನಾರ್ವೆಯ ಪಶ್ಚಿಮದಲ್ಲಿ ಸೋರ್‌ಫ್ಯೋರ್ಡ್ ಎಂಬ ನೀರಿನ ಹರಹು ಇದೆ. ಹಿಂದೆ ಹಿಮನದಿ ಕೊರೆದು ಹೋದ ಆಳವಾದ ಕಣಿವೆಗೆ ಕಡಲು ನುಗ್ಗಿ ಆದದ್ದು. ಅದರ ಎರಡೂ ದಡಗಳಲ್ಲಿ ಸೇಬು ಮತ್ತು ಚೆರ್ರಿ ತೋಟಗಳು. ಮೇ ತಿಂಗಳಲ್ಲಿ ಅವು ಹೂ ಬಿಟ್ಟಾಗ ಬೆಟ್ಟದ ನೆತ್ತಿಯಲ್ಲಿ ಇನ್ನೂ ಹಿಮ, ಬುಡದಲ್ಲಿ ಹೂ, ಅದರ ಕೆಳಗೆ ಅಲುಗಾಡದ ನೀರು. ಆ ನೀರಿನ ತಳದ ಕೆಸರಿನಲ್ಲಿ ಸತು, ಸೀಸ, ಕ್ಯಾಡ್ಮಿಯಂ ಮತ್ತು ಪಾದರಸ ಕೂತಿವೆ. ಒಂದು ಕಾಲದಲ್ಲಿ ಜಗತ್ತಿನಲ್ಲೇ ಭಾರಲೋಹಗಳಿಂದ ಅತಿ ಹೆಚ್ಚು ಕೆಟ್ಟ ಫ್ಯೋರ್ಡ್‌ಗಳಲ್ಲಿ ಇದೂ ಒಂದು ಎಂದು ವಿಜ್ಞಾನಿಗಳು ಎಣಿಸಿದ್ದರು. ಈ ನೀರಿನ ತುದಿಯಲ್ಲಿರುವ ಊರು ಒಡ್ಡಾ.

2020ರ ಜನವರಿ 31ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ರಾಗ್ನರಾಕ್' ಎಂಬ ನಾರ್ವೇಜಿಯನ್ ಧಾರಾವಾಹಿಯನ್ನು ಚಿತ್ರೀಕರಿಸಿದ್ದು ಇದೇ ಊರಿನಲ್ಲಿ. ಕಥೆಯೊಳಗೆ ಊರಿನ ಹೆಸರು ಎಡ್ಡಾ. ಒಂದು ಸ್ವರ ಬದಲಾಯಿತು, ಅಷ್ಟರಲ್ಲಿ ಕಾರ್ಖಾನೆಯ ಪಟ್ಟಣವೊಂದು ಪುರಾಣದ ಪುಸ್ತಕವಾಯಿತು. ಎಡ್ಡಾ ಎಂದರೆ ಉತ್ತರ ಯುರೋಪಿನ ನಾರ್ಸ್ ದೇವತೆಗಳ ಮತ್ತು ದೈತ್ಯರ ಕಥೆಗಳನ್ನು ಉಳಿಸಿಕೊಟ್ಟ ಹಳೆಯ ಐಸ್‌ಲ್ಯಾಂಡಿಕ್ ಗ್ರಂಥಗಳ ಹೆಸರು. ರಾಗ್ನರಾಕ್ ಎಂದರೆ ಆ ಕಥೆಗಳಲ್ಲಿ ಬರುವ ಜಗತ್ತಿನ ಅಳಿವು. ಡೆನ್ಮಾರ್ಕಿನ ಆಡಮ್ ಪ್ರೈಸ್ ರೂಪಿಸಿದ ಈ ಧಾರಾವಾಹಿ 2023ರವರೆಗೆ ಮೂರು ಕಂತುಮಾಲೆಗಳಲ್ಲಿ ನಡೆಯಿತು. ಮಾಗ್ನೆ ಎಂಬ ಹುಡುಗನ ಮೈಯಲ್ಲಿ ಸುತ್ತಿಗೆಯನ್ನೇ ಆಯುಧವಾಗಿ ಹಿಡಿದ ಗುಡುಗಿನ ದೇವರು ಥಾರ್‌ನ ಶಕ್ತಿ ಎಚ್ಚರಗೊಳ್ಳುತ್ತದೆ. ಅವನ ಎದುರಾಳಿಗಳು ಯೂಟುಲ್ ಎಂಬ ಕುಟುಂಬ. ಅವರು ಮನುಷ್ಯರ ವೇಷದಲ್ಲಿರುವ ದೈತ್ಯರು, ಊರಿನ ದೊಡ್ಡ ಕಾರ್ಖಾನೆಯ ಒಡೆಯರು. ಅವರು ಬೆಟ್ಟದಲ್ಲಿ ವಿಷದ ಪೀಪಾಯಿಗಳನ್ನು ಬಚ್ಚಿಟ್ಟಿದ್ದಾರೆ.

ಇಷ್ಟು ಕೇಳಿದರೆ ಇದು ಸರಳವಾದ ನೀತಿಕಥೆ ಎನಿಸುತ್ತದೆ. ದೈತ್ಯ ಎಂದರೆ ಕಂಪನಿ, ದೇವರು ಎಂದರೆ ಪರಿಸರವಾದಿ, ಸುತ್ತಿಗೆ ಬಿದ್ದರೆ ಕಥೆ ಮುಗಿಯಿತು. ಇದಕ್ಕಿಂತ ಆಳವಾದ ಸಂಗತಿ ಇಲ್ಲಿದೆ ಎಂಬುದು ನನ್ನ ನಂಬಿಕೆ. ಅದು ಕಾಣಬೇಕಾದರೆ 'ಪರಿಸರ ನ್ಯಾಯ' ಎಂಬ ಮಾತನ್ನೂ ನಾರ್ಸ್ ಪುರಾಣದ ದೈತ್ಯನನ್ನೂ ಸ್ವಲ್ಪ ನಿಧಾನವಾಗಿ ನೋಡಬೇಕು.

ಕಾಡು ಉಳಿಸಿ, ನದಿ ಉಳಿಸಿ ಎನ್ನುವುದು ಪರಿಸರ ಸಂರಕ್ಷಣೆ. ಪರಿಸರ ನ್ಯಾಯ ಕೇಳುವ ಪ್ರಶ್ನೆ ಬೇರೆ. ಕೆಟ್ಟ ನೀರು ಯಾರ ಮನೆಯ ನಲ್ಲಿಗೆ ಬರುತ್ತದೆ, ಲಾಭ ಯಾರ ಮನೆಗೆ ಹೋಗುತ್ತದೆ, ತೀರ್ಮಾನ ಮಾಡುವಾಗ ಆ ಕೋಣೆಯಲ್ಲಿ ಯಾರಿದ್ದರು, ಯಾರ ಮಾತಿಗೆ ಬೆಲೆ ಇತ್ತು? ಈ ಪದಕ್ಕೆ ಹೋರಾಟದ ಬಲ ಬಂದದ್ದು ಅಮೆರಿಕದಲ್ಲಿ. 1982ರಲ್ಲಿ ಉತ್ತರ ಕೆರೊಲಿನಾದ ವಾರೆನ್ ಕೌಂಟಿಯಲ್ಲಿ, ಹೆಚ್ಚಾಗಿ ಕಪ್ಪು ಜನರೇ ಇದ್ದ ಬಡ ಪ್ರದೇಶದಲ್ಲಿ ಪಿಸಿಬಿ ವಿಷ ಬೆರೆತ ಮಣ್ಣನ್ನು ಹೂಳಲು ಸರ್ಕಾರ ಹೊರಟಾಗ ಜನ ಲಾರಿಗಳ ಮುಂದೆ ರಸ್ತೆಯಲ್ಲಿ ಮಲಗಿದರು. ಯುರೋಪಿನಲ್ಲಿ ಇದೇ ವಿಚಾರಕ್ಕೆ ಕಾನೂನಿನ ರೂಪ ಸಿಕ್ಕಿದ್ದು 1998ರಲ್ಲಿ, ಡೆನ್ಮಾರ್ಕಿನ ಆರ್ಹಸ್ ನಗರದಲ್ಲಿ ಸಹಿ ಬಿದ್ದ ಒಪ್ಪಂದದಿಂದ. ಪರಿಸರದ ಮಾಹಿತಿ ಪಡೆಯುವ ಹಕ್ಕು, ತೀರ್ಮಾನದಲ್ಲಿ ಪಾಲ್ಗೊಳ್ಳುವ ಹಕ್ಕು, ನ್ಯಾಯಾಲಯಕ್ಕೆ ಹೋಗುವ ಹಕ್ಕು, ಈ ಮೂರನ್ನೂ ಅದು ಸಾಮಾನ್ಯ ಜನರಿಗೆ ಕೊಟ್ಟಿತು. ನಾರ್ವೆಯೂ ಅದಕ್ಕೆ ಬದ್ಧವಾಗಿದೆ.

ಇನ್ನು ದೈತ್ಯರು. ಹಳೆಯ ನಾರ್ಸ್ ಭಾಷೆಯಲ್ಲಿ ಅವರಿಗೆ ಯೋತುನ್ ಎಂದು ಹೆಸರು. ಅದೇ ಪದ ನಾರ್ವೆಯ ಹಳ್ಳಿಗಳ ಬಾಯಲ್ಲಿ ಸವೆದು ಯೂಟುಲ್ ಆಯಿತು. ಧಾರಾವಾಹಿಯ ಕುಟುಂಬದ ಹೆಸರು ಬಂದದ್ದು ಅಲ್ಲಿಂದ. ಯೋತುನ್‌ಗಳನ್ನು ನಮ್ಮ ಚಂದಮಾಮದ ರಾಕ್ಷಸರಂತೆ ಬರೀ ಕೆಡುಕಿನ ಮೂಟೆ ಎಂದುಕೊಂಡರೆ ತಪ್ಪಾಗುತ್ತದೆ. ಸುಮಾರು 1220ರ ಹೊತ್ತಿಗೆ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಬರೆದಿಟ್ಟ ಕಥೆಯ ಪ್ರಕಾರ ಜಗತ್ತೇ ಒಬ್ಬ ದೈತ್ಯನ ದೇಹ. ಯೀಮಿರ್ ಎಂಬ ಮೊದಲ ದೈತ್ಯನನ್ನು ದೇವತೆಗಳು ಕೊಂದು, ಅವನ ಮಾಂಸದಿಂದ ನೆಲ, ರಕ್ತದಿಂದ ಕಡಲು, ಎಲುಬಿನಿಂದ ಬೆಟ್ಟ, ತಲೆಬುರುಡೆಯಿಂದ ಆಕಾಶ ಮಾಡಿದರು. ದೇವತೆಗಳ ಹಿರಿಯ ಓಡಿನ್‌ನ ತಾಯಿ ದೈತ್ಯರ ಮಗಳು. ಥಾರ್‌ನ ತಾಯಿಯ ಹೆಸರು ಯೋರ್ದ್. ಆ ಪದದ ಅರ್ಥವೇ ಭೂಮಿ. ಅವಳೂ ದೈತ್ಯ ಕುಲದವಳೇ.

ಅಂದರೆ ದೈತ್ಯರನ್ನು ಹೊಡೆಯುವ ಥಾರ್ ಭೂಮಿಯ ಮಗ, ದೈತ್ಯರ ಮೊಮ್ಮಗ. ಕೊಲ್ಲುವವನಿಗೂ ಸಾಯುವವನಿಗೂ ಒಂದೇ ಬೇರು. ಇಂದ್ರ ವಜ್ರಾಯುಧದಿಂದ ವೃತ್ರನನ್ನು ಸೀಳಿ, ಅವನು ತಡೆಹಿಡಿದಿದ್ದ ನೀರನ್ನು ಬಿಡಿಸಿದ ಕಥೆ ನಮಗೆ ಗೊತ್ತು. ಥಾರ್ ಮತ್ತು ಇಂದ್ರ ಒಂದೇ ಹಳೆಯ ಇಂಡೋ-ಯುರೋಪಿಯನ್ ಕಲ್ಪನೆಯ ಎರಡು ಟಿಸಿಲುಗಳು ಎಂದು ಪುರಾಣಗಳನ್ನು ತೌಲನಿಕವಾಗಿ ಓದಿದ ವಿದ್ವಾಂಸರು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ. ಆದ್ದರಿಂದ ಕನ್ನಡದ ಓದುಗರಿಗೆ ಈ ಗುಡುಗಿನ ದೇವರು ಪೂರ್ತಿ ಅಪರಿಚಿತನಲ್ಲ. ನೀರನ್ನು ಯಾರು ಕಟ್ಟಿಹಾಕಿದ್ದಾರೆ ಎಂಬ ಪ್ರಶ್ನೆಯೂ ಅಪರಿಚಿತವಲ್ಲ.

ನೀರಿನ ಪ್ರಶ್ನೆ ಜನಪದ ಕಥೆಗಳಲ್ಲೂ ಇದೆ. ಪೂರ್ವ ನಾರ್ವೆಯಲ್ಲಿ ಯೂಟುಲ್‌ಹೋಗ್ಗೆಟ್ ಎಂಬ ಕಂದರವಿದೆ. ಎರಡು ಕಿಲೋಮೀಟರಿಗೂ ಉದ್ದ, ಕೆಲವೆಡೆ ಇನ್ನೂರು ಮೀಟರಿಗೂ ಹೆಚ್ಚು ಆಳ. ಹೆಸರಿನ ಅರ್ಥ 'ಯೂಟುಲ್ ಕಡಿದ ಏಟು'. ಒಬ್ಬ ಯೂಟುಲ್ ಗ್ಲೋಮ್ಮಾ ನದಿಯನ್ನು ಪಕ್ಕದ ಕಣಿವೆಗೆ ತಿರುಗಿಸಲು ಬೆಟ್ಟ ಕಡಿಯತೊಡಗಿದನಂತೆ. ಆ ಕಣಿವೆಯಲ್ಲಿದ್ದ ಇನ್ನೊಬ್ಬ ಯೂಟುಲ್ ಸಿಟ್ಟಿಗೆದ್ದು ಅವನನ್ನು ಕೊಂದನಂತೆ. ಭೂವಿಜ್ಞಾನಿಗಳ ಪ್ರಕಾರ ಅದು ಹಿಮಯುಗದ ಕೊನೆಯಲ್ಲಿ ಹಿಮದ ಕಟ್ಟೆ ಒಡೆದು ಸರೋವರವೊಂದು ಒಮ್ಮೆಲೇ ನುಗ್ಗಿದಾಗ ಆದ ಗಾಯ. ಜನರ ಕಥೆಯಲ್ಲಿ ಮಾತ್ರ ಅದು ಇಬ್ಬರು ಬಲಿಷ್ಠರು ಒಂದು ನದಿಗಾಗಿ ಕಾದಾಡಿದ ಗುರುತು. ಆ ಕಾದಾಟದ ಕೆಳಗೆ ಬದುಕುವ ರೈತನನ್ನು ಕೇಳಿದವರಿಲ್ಲ.

ಈಗ ಧಾರಾವಾಹಿಗೆ ಮರಳೋಣ. ಅದರ ನಿಜವಾದ ಜಾಣ್ಮೆ ನನಗೆ ಕಂಡದ್ದು ಹೊಡೆದಾಟಗಳಲ್ಲಲ್ಲ, ದೈತ್ಯರನ್ನು ಕೂರಿಸಿದ ಕುರ್ಚಿಗಳಲ್ಲಿ. ತಂದೆ ವಿದಾರ್ ಕಾರ್ಖಾನೆಯ ಒಡೆಯ. ತಾಯಿ ರಾನ್ ಶಾಲೆಯ ಮುಖ್ಯೋಪಾಧ್ಯಾಯಿನಿ. ಪುರಾಣದ ರಾನ್ ಕಡಲಿನಲ್ಲಿ ಬಲೆ ಬೀಸಿ ಮುಳುಗಿದವರನ್ನು ಎಳೆದುಕೊಳ್ಳುವವಳು, ಇಲ್ಲಿಯ ರಾನ್‌ಳ ಬಲೆ ಶಾಲೆಯ ದಾಖಲೆಗಳು. ಮಕ್ಕಳಾದ ಫ್ಯೋರ್ ಮತ್ತು ಸಾಕ್ಸಾ ತರಗತಿಯಲ್ಲಿ ಎಲ್ಲರೂ ಮೆಚ್ಚುವ ವಿದ್ಯಾರ್ಥಿಗಳು. ಉದ್ಯೋಗ, ಶಿಕ್ಷಣ, ಪ್ರತಿಷ್ಠೆ ಮೂರೂ ಒಂದೇ ಮನೆಯ ಊಟದ ಮೇಜಿನ ಸುತ್ತ ಕೂತಿವೆ. ಒಂದೇ ಕಂಪನಿಯನ್ನು ನಂಬಿ ಬದುಕುವ ಊರು ಹೇಗಿರುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಮಾಗ್ನೆಯ ತಾಯಿ ತೂರಿಡ್ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಊರಿಗೆ ಮರಳುವುದೇ ಆ ಕಾರ್ಖಾನೆಯ ಕೆಲಸಕ್ಕಾಗಿ. ಮಗ ಯಾರ ವಿರುದ್ಧ ನಿಲ್ಲುತ್ತಾನೋ ಅವರ ಸಂಬಳದಲ್ಲೇ ಮನೆಯ ಒಲೆ ಉರಿಯಬೇಕು. ಪರಿಸರ ನ್ಯಾಯದ ಎಲ್ಲ ಹೋರಾಟಗಳ ಒಳಗೂ ಇರುವ ನೋವು ಇದು. ವಿಷ ಕುಡಿಯುವವರೂ ಅದೇ ಕಂಪನಿಯ ಅನ್ನ ತಿನ್ನುವವರೂ ಬಹಳ ಸಲ ಒಬ್ಬರೇ ಆಗಿರುತ್ತಾರೆ.

ಮೊದಲ ಕಂತಿನಲ್ಲಿ ಮಾಗ್ನೆಗೆ ಇಸೋಲ್ಡೆ ಎಂಬ ಗೆಳತಿ ಸಿಗುತ್ತಾಳೆ. ಊರಿನ ನೀರು, ಹಿಮನದಿ, ಕಾರ್ಖಾನೆ ಇವುಗಳ ಬಗ್ಗೆ ಒಬ್ಬಳೇ ಪ್ರಶ್ನೆ ಕೇಳುವ ಹುಡುಗಿ. ಅವಳು ಬೆಟ್ಟದಲ್ಲಿ ಏನನ್ನೋ ಕಂಡುಕೊಳ್ಳುತ್ತಾಳೆ. ಅದೇ ದಿನ ಪ್ಯಾರಾಗ್ಲೈಡಿಂಗ್ ಮಾಡುವಾಗ ಸಾಯುತ್ತಾಳೆ. ವಿದ್ಯುತ್ ತಂತಿಗೆ ತಗುಲಿ ಆದ ಅಪಘಾತ ಎಂದು ಪೊಲೀಸರು ಕಡತ ಮುಚ್ಚುತ್ತಾರೆ. ಅದು ಅಪಘಾತವಲ್ಲ ಎಂದು ಹೇಳುವವನು ಮಾಗ್ನೆ ಒಬ್ಬನೇ. ಓದುಬರಹ ತಡವರಿಸುವ, ಊರಿಗೆ ಹೊಸಬನಾದ ಹುಡುಗ. ಮುಂದೆ ಅವನಿಗೆ ಸ್ಕಿಜೋಫ್ರೇನಿಯಾ ಇದೆ ಎಂಬ ನಿರ್ಣಯ ಹೊರಬೀಳುತ್ತದೆ.

ಈ ತಿರುವಿನಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬಯಸುತ್ತೇನೆ. ನೀರಿನಲ್ಲಿ ವಿಷವಿದೆ ಎಂದವನ ಮಾತನ್ನು ನೀರು ಪರೀಕ್ಷಿಸಿ ಸುಳ್ಳು ಮಾಡುವುದಿಲ್ಲ, ಅವನ ತಲೆ ಪರೀಕ್ಷಿಸಿ ಸುಳ್ಳು ಮಾಡುತ್ತಾರೆ. ಭಾರಲೋಹಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ದೇಹದಲ್ಲಿ ಕೂಡಿಕೊಂಡು ರೋಗವಾಗಲು ವರ್ಷಗಳು ಬೇಕು. ಅಷ್ಟು ದಿನ ಅದರ ಬಗ್ಗೆ ಹೇಳುವವರ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಅಳೆಯುವ ಉಪಕರಣ, ಪ್ರಯೋಗಾಲಯ, ವರದಿ ಎಲ್ಲವೂ ಕಂಪನಿಯ ಬಳಿ ಅಥವಾ ಸರ್ಕಾರದ ಬಳಿ. ಆರ್ಹಸ್ ಒಪ್ಪಂದ ಮಾಹಿತಿಯ ಹಕ್ಕನ್ನು ಮೊದಲಿಗೆ ಇಟ್ಟದ್ದು ಇದಕ್ಕಾಗಿಯೇ.

ಜನಪದ ಕಥೆ ಟೆಲಿವಿಷನ್‌ಗೆ ಉಪಯೋಗಕ್ಕೆ ಬರುವುದೂ ಇಲ್ಲಿಯೇ. ಕಣ್ಣಿಗೆ ಕಾಣದ, ನಿಧಾನವಾಗಿ ಕೊಲ್ಲುವ ವಿಷವನ್ನು ಕ್ಯಾಮೆರಾ ಹಿಡಿಯಲಾರದು. ದೈತ್ಯನನ್ನು ಹಿಡಿಯಬಲ್ಲದು. ಹಾಗೆಯೇ, ಯಾರೂ ನಂಬದ ಸತ್ಯವನ್ನು ನುಡಿಯುವ ಪಾತ್ರವೂ ಹಳೆಯ ಕಥೆಯಲ್ಲಿ ಸಿದ್ಧವಾಗಿದೆ. ಜಗತ್ತಿನ ಹುಟ್ಟು ಮತ್ತು ಅಳಿವನ್ನು ಹೇಳುವ 'ವೋಲುಸ್ಪಾ' ಎಂಬ ಎಡ್ಡಾ ಕವಿತೆಯನ್ನು ನುಡಿಯುವವಳು ಒಬ್ಬ ಕಣಿ ಹೇಳುವ ಹೆಂಗಸು. ಓಡಿನ್‌ನಂಥ ಓಡಿನ್ ಅವಳ ಮುಂದೆ ಕೂತು ಕೇಳಬೇಕು. ಧಾರಾವಾಹಿಯಲ್ಲಿ ಅವಳು ವೆಂಕೆ ಎಂಬ ವಯಸ್ಸಾದ ಹೆಂಗಸು, ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂರುವವಳು. ಊರಿಗೆ ಬಂದ ದಿನವೇ ಮಾಗ್ನೆ ದಾರಿಯಲ್ಲಿ ಒಬ್ಬ ಮುದುಕನಿಗೆ ನೆರವಾಗುತ್ತಾನೆ. ಅವಳು ಹತ್ತಿರ ಬಂದು ಅವನ ಹಣೆಯನ್ನು ಬೆರಳಿನಿಂದ ಮುಟ್ಟುತ್ತಾಳೆ. ಶಕ್ತಿ ಬರುವುದು ಅಷ್ಟರಿಂದಲೇ. ಊರಿನವರಿಗೆ ಅವಳು ಹಾಲು, ಬ್ರೆಡ್‌ಗೆ ಬಿಲ್ಲು ಮಾಡುವ ಹೆಂಗಸು ಮಾತ್ರ. ನನಗೆ ಈ ಆಯ್ಕೆ ಬಹಳ ಇಷ್ಟವಾಯಿತು. ಊರಿನ ನೀರಿಗೆ ಏನಾಗಿದೆ ಎಂದು ಮೊದಲು ತಿಳಿಯುವುದು ಸಾಮಾನ್ಯವಾಗಿ ಇಂಥವರಿಗೇ.

ಇನ್ನು ನಿಜವಾದ ಒಡ್ಡಾದ ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ಹಿಮನದಿ ಮತ್ತು ಜಲಪಾತ ನೋಡಲು ಶ್ರೀಮಂತರು ಬರುತ್ತಿದ್ದ ಊರು. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಹಡಗಿನಲ್ಲಿ ಬಂದು ಹೋಗುತ್ತಿದ್ದ. ಆಮೇಲೆ ಬೆಟ್ಟದ ನೀರು ಬೀಳುವ ರಭಸವನ್ನು ವಿದ್ಯುತ್ ಮಾಡಬಹುದು ಎಂದು ಗೊತ್ತಾಯಿತು. 1908ರಲ್ಲಿ ಪಕ್ಕದ ಟಿಸ್ಸೆದಾಲ್‌ನ ಜಲವಿದ್ಯುತ್ತಿನಿಂದ ಒಡ್ಡಾದಲ್ಲಿ ಕಾರ್ಬೈಡ್ ಕಾರ್ಖಾನೆ ಶುರುವಾಯಿತು. ಬಂಡವಾಳ ಬ್ರಿಟಿಷರದು. 1920ರ ದಶಕದ ಕೊನೆಗೆ ಸತು ಕಾರ್ಖಾನೆಯೂ ಬಂತು. ಕೃಷಿಕರ ಪುಟ್ಟ ಊರು ಕಾರ್ಮಿಕರ ಪಟ್ಟಣವಾಯಿತು, ಕೂಲಿಗಾಗಿ ದೂರದಿಂದ ಜನ ಬಂದರು, ಸಂಘ ಕಟ್ಟಿದರು. ಆ ದುಡಿಮೆಯ ಬಗ್ಗೆ ಒಡ್ಡಾದವರಿಗೆ ಇಂದಿಗೂ ಹೆಮ್ಮೆಯಿದೆ. ಆ ಹೆಮ್ಮೆ ನ್ಯಾಯವಾದದ್ದು. ಕಾರ್ಬೈಡ್ ಕಾರ್ಖಾನೆ ದಿವಾಳಿಯಾಗಿ 2003ರಲ್ಲಿ ಮುಚ್ಚಿತು, ಸತು ಕಾರ್ಖಾನೆ ಈಗಲೂ ನಡೆಯುತ್ತಿದೆ.

ಸತುವಿನ ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸುವಾಗ ಜಾರೋಸೈಟ್ ಎಂಬ ಹಳದಿ ಕೆಸರು ಉಳಿಯುತ್ತದೆ. ಅದರ ಜೊತೆ ಸೀಸ, ಕ್ಯಾಡ್ಮಿಯಂ ಅಂಟಿಕೊಂಡಿರುತ್ತವೆ. 1986ರವರೆಗೆ ಅದು ನೇರವಾಗಿ ಫ್ಯೋರ್ಡ್‌ಗೆ ಹೋಗುತ್ತಿತ್ತು. ಆ ವರ್ಷದಿಂದ ಬೆಟ್ಟದ ಬಂಡೆಯೊಳಗೆ ದೊಡ್ಡ ಗುಹೆಗಳನ್ನು ಕೊರೆದು ಅಲ್ಲಿ ತುಂಬತೊಡಗಿದರು. ಧಾರಾವಾಹಿಯಲ್ಲಿ ಬೆಟ್ಟದಲ್ಲಿ ಅಡಗಿಸಿದ ಪೀಪಾಯಿಗಳನ್ನು ನೋಡಿದಾಗ ನನಗೆ ನೆನಪಾದದ್ದು ಈ ಗುಹೆಗಳು. ವ್ಯತ್ಯಾಸ ದೊಡ್ಡದು: ಕಥೆಯಲ್ಲಿ ಬೆಟ್ಟದೊಳಗಿನದು ಗುಟ್ಟು ಮತ್ತು ಅಪರಾಧ, ಒಡ್ಡಾದಲ್ಲಿ ಅದು ಸರ್ಕಾರದ ಒತ್ತಾಯದಿಂದ ಎಲ್ಲರ ಕಣ್ಣೆದುರು ಆದ ಪರಿಹಾರ. 1992ರಲ್ಲಿ ಕಾರ್ಖಾನೆಯ ಪಕ್ಕದ ಚಿಕ್ಕ ಕೊಲ್ಲಿಯ ತಳಕ್ಕೆ ಬಟ್ಟೆಯಂಥ ಹೊದಿಕೆ ಹಾಸಿ ಮೇಲೆ ಮರಳು ಸುರಿದರು, ಕೆಳಗಿನ ಕೆಸರು ಮೇಲೇಳದಿರಲಿ ಎಂದು. ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ.

ಸತು ಕಾರ್ಖಾನೆ ನಿಂತಿರುವ ಆ ಭೂಶಿರದ ಹೆಸರು ಐಟ್ರ್‌ಹೈಮ್. ಹಳೆಯ ನಾರ್ಸ್‌ನಲ್ಲಿ 'ಐಟ್ರ್' ಎಂದರೆ ವಿಷ. ಸೃಷ್ಟಿಯ ಕಥೆಯಲ್ಲಿ, ಆದಿಯ ನದಿಗಳಲ್ಲಿ ಹರಿದ ಐಟ್ರ್ ಹನಿಗಳೇ ಹೆಪ್ಪುಗಟ್ಟಿ ಮೊದಲ ದೈತ್ಯ ಯೀಮಿರ್ ಹುಟ್ಟಿದ. ಕಾರ್ಖಾನೆ ಬರುವುದಕ್ಕಿಂತ ಬಹಳ ಹಿಂದಿನ ಊರ ಹೆಸರು ಅದು, ಹೋಲಿಕೆ ಬರೀ ಕಿವಿಗೆ ಕೇಳಿಸುವಂಥದ್ದು. ಆದರೂ ಕೇಳಿದ ಮೇಲೆ ಮರೆಯಲಾಗುವುದಿಲ್ಲ.

ಕಾರ್ಖಾನೆ ಮತ್ತು ಕಾಡಿನ ಜೀವಗಳ ಜಗಳವನ್ನು ಸ್ವೀಡನ್ನಿನ ಧಾರಾವಾಹಿ 'ಯೂರ್ಡ್‌ಸ್ಕೊಟ್' ಇನ್ನೂ ಮುಂಚೆಯೇ, 2015ರಲ್ಲಿ, ಎತ್ತಿಕೊಂಡಿತ್ತು. ಮರ ಮತ್ತು ಅದಿರಿನ ಕಂಪನಿಯೊಂದರ ಒಡೆಯನ ಮಗಳು ಎವಾ ಪೊಲೀಸ್ ಅಧಿಕಾರಿ. ಏಳು ವರ್ಷಗಳ ಹಿಂದೆ ಕಾಡಿನ ಸರೋವರದ ಬಳಿ ಅವಳ ಮಗಳು ಕಾಣೆಯಾಗಿದ್ದಾಳೆ. ಕಾಡನ್ನು ಕಡಿಯಬೇಕೋ ಬೇಡವೋ ಎಂಬ ವಾದದ ನಡುವೆ ಇನ್ನೂ ಮಕ್ಕಳು ಕಾಣೆಯಾಗುತ್ತಾರೆ. ಇಲ್ಲಿ ದೈತ್ಯರಿಲ್ಲ, ಅನ್ಯಾಯಕ್ಕೆ ಒಳಗಾಗಿರುವವರೇ ಕಾಡಿನ ಅಗೋಚರ ಜೀವಗಳು. ಅವರೂ ನಿರಪರಾಧಿಗಳಲ್ಲ. ಒಳ್ಳೆಯವರು ಈ ಕಡೆ, ಕೆಟ್ಟವರು ಆ ಕಡೆ ಎಂದು ಗೆರೆ ಎಳೆಯದ ಈ ಕಥೆ 'ರಾಗ್ನರಾಕ್'ಗಿಂತ ಹಳೆಯ ಜನಪದಕ್ಕೆ ಹೆಚ್ಚು ಹತ್ತಿರ ಎಂದು ನನಗೆ ಅನಿಸುತ್ತದೆ. ಸ್ಕ್ಯಾಂಡಿನೇವಿಯಾದ ಹಳ್ಳಿಯ ಕಥೆಗಳಲ್ಲಿ ಕಾಡಿನೊಡತಿ, ಹೊಳೆಯ ಜೀವ ಇವರೆಲ್ಲ ನೆರೆಮನೆಯವರ ಹಾಗೆ. ಮರ್ಯಾದೆ ಕೊಟ್ಟು ಕೇಳಿಕೊಂಡರೆ ಕೊಡುತ್ತಾರೆ, ಕೇಳದೆ ತೆಗೆದುಕೊಂಡರೆ ಲೆಕ್ಕ ಚುಕ್ತಾ ಮಾಡುತ್ತಾರೆ.

'ರಾಗ್ನರಾಕ್' ಬಗ್ಗೆ ನನಗಿರುವ ದೊಡ್ಡ ತಕರಾರು ಬೇರೆ. ನಾರ್ವೆಯಲ್ಲಿ ಪರಿಸರ ಮತ್ತು ನ್ಯಾಯ ಒಟ್ಟಿಗೆ ಬರುವ ಅತಿ ಬಿಸಿಯಾದ ಜಾಗ ಸಾಮಿ ಜನರ ನೆಲ. ಉತ್ತರದ ಮೂಲನಿವಾಸಿಗಳಾದ ಅವರಲ್ಲಿ ಹಲವರು ಹಿಮಸಾರಂಗ ಸಾಕುವವರು. ಫೋಸೆನ್ ಎಂಬಲ್ಲಿ ಅವರ ಚಳಿಗಾಲದ ಮೇವಿನ ನೆಲದಲ್ಲಿ ಗಾಳಿಯಂತ್ರಗಳು ಎದ್ದವು. 2021ರ ಅಕ್ಟೋಬರ್ 11ರಂದು ನಾರ್ವೆಯ ಸುಪ್ರೀಂ ಕೋರ್ಟ್ ಹನ್ನೊಂದು ನ್ಯಾಯಮೂರ್ತಿಗಳ ಒಮ್ಮತದ ತೀರ್ಪಿನಲ್ಲಿ, ಆ ಪರವಾನಗಿಗಳು ಸಾಮಿಗಳ ಸಂಸ್ಕೃತಿಯ ಹಕ್ಕನ್ನು ಮುರಿದಿವೆ, ಆದ್ದರಿಂದ ಅಸಿಂಧು ಎಂದಿತು. ಯಂತ್ರಗಳು ಮಾತ್ರ ತಿರುಗುತ್ತಲೇ ಇದ್ದವು. ತೀರ್ಪು ಬಂದು 500 ದಿನವಾದಾಗ, 2023ರ ಫೆಬ್ರವರಿಯಲ್ಲಿ, ಸಾಮಿ ಯುವಜನರು ಓಸ್ಲೋದ ಸಚಿವಾಲಯದೊಳಗೆ ನೆಲದ ಮೇಲೆ ಕೂತರು. ಗ್ರೇಟಾ ಥುನ್‌ಬರ್ಗ್ ಅವರ ಜೊತೆ ಸೇರಿದರು. ಇಲ್ಲಿ ಕಪ್ಪು ಹೊಗೆಯಿಲ್ಲ, ವಿಷದ ಪೀಪಾಯಿಯಿಲ್ಲ. ನೆಲ ಕಿತ್ತುಕೊಂಡದ್ದು ಹಸಿರು ಎನಿಸಿಕೊಂಡ ವಿದ್ಯುತ್ತು. ಇಂಥ ಅನ್ಯಾಯಕ್ಕೆ ದೈತ್ಯನ ಮುಖ ಅಂಟಿಸುವುದು ಸುಲಭವಲ್ಲ. ನಾರ್ಸ್ ದೇವತೆಗಳ ಕಥೆ ಹೇಳುವ ಭರದಲ್ಲಿ, ಅದೇ ದೇಶದ ಮತ್ತೊಂದು ಹಳೆಯ ಜನರ ಕಥೆ ಪರದೆಯಿಂದ ಹೊರಗೇ ಉಳಿಯುತ್ತದೆ. ಸಾಮಿಗಳು, ಗಣಿ, ಕೊಲೆ ಮೂರನ್ನೂ ಕಿರುನಾ ಪಟ್ಟಣದಲ್ಲಿ ತಂದಿಟ್ಟ ಸ್ವೀಡಿಷ್-ಫ್ರೆಂಚ್ ಧಾರಾವಾಹಿ 'ಮಿಡ್‌ನೈಟ್ ಸನ್' 2016ರಲ್ಲೇ ಆ ಕಡೆ ತಿರುಗಿತ್ತು.

ಮೂರನೆಯ ಕಂತುಮಾಲೆಯ ಕೊನೆ ಬಹಳ ಜನರನ್ನು ಕೆರಳಿಸಿತು. ದೇವರು-ದೈತ್ಯರ ಮಹಾಯುದ್ಧ ನಡೆಯುವುದು ಶಾಲೆಯ ಪದವಿ ಸಮಾರಂಭದಲ್ಲಿ ಕೂತ ಮಾಗ್ನೆಯ ಮನಸ್ಸಿನೊಳಗೆ. ಥಾರ್‌ನ ಶಕ್ತಿ, ಸುತ್ತಿಗೆ ಎಲ್ಲವೂ ಗಾಯಗೊಂಡ ಹುಡುಗನೊಬ್ಬನ ಕಲ್ಪನೆಯಾಗಿದ್ದಿರಬಹುದು ಎಂಬ ಸೂಚನೆಯೊಂದಿಗೆ ಕಥೆ ಮುಗಿಯುತ್ತದೆ. ಮನೋರೋಗವನ್ನು ಕಥೆಯ ತಿರುವಾಗಿ ಬಳಸಿದ್ದು ತಪ್ಪು ಎಂದವರ ಮಾತನ್ನು ನಾನು ಒಪ್ಪುತ್ತೇನೆ. ಅದಕ್ಕಿಂತ ನನ್ನನ್ನು ಕಾಡಿದ್ದು ಇಸೋಲ್ಡೆ. ಯುದ್ಧ ಮನಸ್ಸಿನೊಳಗಿನದಾದರೆ, ಅವಳು ಬೆಟ್ಟದಲ್ಲಿ ಕಂಡದ್ದರ ಗತಿ ಏನು? ಮೂರು ವರ್ಷ ಹುಡುಗನನ್ನು ನಂಬಿ ಎಂದ ಧಾರಾವಾಹಿ, ಕೊನೆಗೆ ಮುಖ್ಯೋಪಾಧ್ಯಾಯಿನಿ ಬರೆದ ದಾಖಲೆಯ ಪಕ್ಕಕ್ಕೆ ಹೋಗಿ ನಿಂತಿತು.

ನಾರ್ವೆ ಇಂದಿಗೂ ಗಣಿಯ ತ್ಯಾಜ್ಯವನ್ನು ಕಡಲಿಗೆ ಸುರಿಯಲು ಅನುಮತಿ ಕೊಡುವ ಕೆಲವೇ ದೇಶಗಳಲ್ಲಿ ಒಂದು. ಫೋರ್ದೆ ಫ್ಯೋರ್ಡ್‌ಗೆ ಸುರಿಯುವ ಪರವಾನಗಿ ಸಿಕ್ಕಿದ್ದು 2015ರಲ್ಲಿ. ಅಲ್ಲಿ ಯುವಕ-ಯುವತಿಯರು ಯಂತ್ರಗಳಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು, ಪರಿಸರ ಸಂಘಟನೆಗಳು ಸರ್ಕಾರವನ್ನು ನ್ಯಾಯಾಲಯಕ್ಕೆ ಎಳೆದವು. ಅದು ಯಾರ ಕಲ್ಪನೆಯೂ ಅಲ್ಲ.

ಒಡ್ಡಾಕ್ಕೆ ಈಗ ಜನ ಬರುವುದು ಟ್ರೋಲ್‌ತುಂಗಾ ನೋಡಲು. 'ಟ್ರೋಲ್‌ನ ನಾಲಿಗೆ' ಅಂದರೆ ಜನಪದ ಕಥೆಗಳ ದೈತ್ಯನ ನಾಲಿಗೆ ಎಂಬ ಆ ಬಂಡೆ ಕಣಿವೆಯ ಮೇಲೆ ಗಾಳಿಯಲ್ಲಿ ಚಾಚಿಕೊಂಡಿದೆ. ಸುಮಾರು ಏಳುನೂರು ಮೀಟರ್ ಕೆಳಗೆ ನೀಲಿ ನೀರು. ಅದರ ತುದಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಜನ ಇಡೀ ದಿನ ನಡೆದು ಹೋಗುತ್ತಾರೆ. ಆ ನೀಲಿ ನೀರು ರಿಂಗೆದಾಲ್ ಅಣೆಕಟ್ಟಿನ ಹಿನ್ನೀರು, ಒಂದು ಶತಮಾನದಿಂದ ಕಾರ್ಖಾನೆಗಳಿಗೆ ವಿದ್ಯುತ್ ಕೊಟ್ಟದ್ದು ಅದೇ. ಹತ್ತಿರದಲ್ಲೇ ಆರುನೂರು ಮೀಟರಿಗೂ ಎತ್ತರದಿಂದ ಬೀಳುತ್ತಿದ್ದ ಟಿಸ್ಸೆಸ್ತ್ರೆಂಗೆನೆ ಜಲಪಾತವಿತ್ತು. 1960ರ ದಶಕದಲ್ಲಿ ಅದರ ನೀರನ್ನೂ ವಿದ್ಯುತ್ತಿಗೆ ತಿರುಗಿಸಿದರು.

ವೋಲುಸ್ಪಾದಲ್ಲಿ ಕಣಿ ಹೇಳುವವಳು ಜಗತ್ತಿನ ಅಳಿವನ್ನು ಪೂರ್ತಿ ಹೇಳಿ ಮುಗಿಸಿದ ಮೇಲೆ ಇನ್ನೂ ಒಂದು ನೋಟ ಕಾಣುತ್ತಾಳೆ. ಮುಳುಗಿದ ಭೂಮಿ ಎರಡನೆಯ ಸಲ ಕಡಲಿನಿಂದ ಹಸಿರಾಗಿ ಮೇಲೇಳುತ್ತದೆ. ಜಲಪಾತಗಳು ಧುಮುಕುತ್ತವೆ. ಮೇಲೆ ಹದ್ದು ಹಾರುತ್ತದೆ, ಬೆಟ್ಟದಲ್ಲಿ ಮೀನು ಹಿಡಿಯುತ್ತದೆ. ಸೋರ್‌ಫ್ಯೋರ್ಡ್‌ನ ಆಳದಲ್ಲಿ ಸಿಗುವ ಬ್ರೊಸ್ಮೆ ಎಂಬ ಮೀನನ್ನು ಪಾದರಸದ ಕಾರಣಕ್ಕೆ ತಿನ್ನಬೇಡಿ ಎಂದು ನಾರ್ವೆಯ ಆಹಾರ ಸುರಕ್ಷತಾ ಇಲಾಖೆ ಎಚ್ಚರಿಸಿದೆ. ದಡದ ತೋಟಗಳಲ್ಲಿ ಮೇ ತಿಂಗಳಿಗೆ ಸೇಬು ಹೂ ಬಿಡುತ್ತದೆ.